ಕೆಲಸ ಬಿಟ್ಟವರ ಲಾಗಿನ್‌ಗೂ ಬಾಡಿಗೆ ಕಟ್ಟಬೇಕಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಮಾತಿನ ಸುತ್ತ ಇದ್ದವು: ಆಫೀಸಿನ ಸಾಫ್ಟ್‌ವೇರ್‌ಗಳಲ್ಲಿ ಅಕೌಂಟ್ ಮಾಡುವುದು, ಮುಚ್ಚುವುದು, ಅದರ ಖರ್ಚು. ನಾಲ್ಕೂ ನಮ್ಮ ಕಡೆಯವೇ, ಕಲಬುರಗಿಯ ಎರಡು, ಬೀದರ್ ಒಂದು, ಯಾದಗಿರಿ ಒಂದು. ಹಾಗಾಗಿ ಮೊಬೈಲ್ ಬ್ಯಾಟರಿ ಉಬ್ಬಿದೆ ಅಂತ ಬರೆದವರು ಮುಂದಿನ ಸಂಚಿಕೆವರೆಗೆ ಕಾಯಿರಿ. (ಬ್ಯಾಟರಿ ಮಾತ್ರ ಇವತ್ತೇ ಬದಲಿಸಿ, ಅದಕ್ಕೆ ನನ್ನ ಉತ್ತರ ಕಾಯಬೇಡಿ.)

ಪ್ರಶ್ನೆ: ನಮ್ಮದು ಸೇಡಂ ರಸ್ತೆಯಲ್ಲಿರೋ ಸಾಗಾಣಿಕೆ ಕಂಪನಿ. ಸಿಮೆಂಟ್ ಲೋಡು, ಲಾರಿ ಬುಕಿಂಗು, ಬಿಲ್ಲು ಎಲ್ಲಾ ಆನ್‌ಲೈನ್. 120 ಜನಕ್ಕೆ ಲಾಗಿನ್ ಇದೆ. ವರ್ಷಕ್ಕೆ ಸುಮಾರು 40 ಜನ ಸೇರ್ತಾರೆ, 35 ಜನ ಬಿಡ್ತಾರೆ. ಮೇಲ್, ಚಾಟ್, ಗ್ರಾಹಕರ ಸಾಫ್ಟ್‌ವೇರ್, ಕಂಪ್ಲೇಂಟ್ ಟಿಕೆಟ್, ನಾಲ್ಕೂ ಕಡೆ ನಾನೊಬ್ಬನೇ ಕೈಯಿಂದ ಅಕೌಂಟ್ ಮಾಡಬೇಕು. ಇದನ್ನ ಆಟೊಮ್ಯಾಟಿಕ್ ಮಾಡಿಕೊಡಿ ಅಂತ ಗ್ರಾಹಕರ ಸಾಫ್ಟ್‌ವೇರ್‌ನವರನ್ನ ಕೇಳಿದರೆ ‘ಅದಕ್ಕೆ ಸ್ಕಿಮ್ ಬೇಕು, ಸ್ಕಿಮ್ ಮೇಲಿನ ಪ್ಲಾನ್‌ನಲ್ಲಿ ಮಾತ್ರ’ ಅಂದರು. ಈಗ ತಲೆಗೆ ತಿಂಗಳಿಗೆ 600 ರೂಪಾಯಿ, ಮೇಲಿನದ್ದು 1,250. ನಮ್ಮ ಮಾಲೀಕರು ‘ಅದ್ಯಾವ ಸ್ಕೀಮು, ಸಬ್ಸಿಡಿ ಸಿಗುತ್ತೇನು’ ಅಂತ ಕೇಳಿದರು. ನಿಜಕ್ಕೂ ಇಷ್ಟು ದುಡ್ಡು ಕೊಡಬೇಕಾ ಸರ್? — ಹೆಸರು ಬೇಡ, ಕಲಬುರಗಿ

ಉತ್ತರ: ಮಾಲೀಕರಿಗೆ ಮೊದಲು ಹೇಳಿಬಿಡಿ, ಸಬ್ಸಿಡಿ ಇಲ್ಲ. ಸ್ಕಿಮ್ ಅನ್ನುವುದು ಸಾಫ್ಟ್‌ವೇರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಒಂದು ಭಾಷೆ, ಅಷ್ಟೆ. ನಿಮ್ಮ ನೌಕರರ ಮುಖ್ಯ ಪಟ್ಟಿ ಒಂದು ಕಡೆ ಇರುತ್ತದೆ, ಗೂಗಲ್ ವರ್ಕ್‌ಸ್ಪೇಸ್‌ನಲ್ಲೋ ಮೈಕ್ರೋಸಾಫ್ಟ್ ಎಂಟ್ರಾದಲ್ಲೋ. ಅಲ್ಲಿಂದ ಉಳಿದ ಸಾಫ್ಟ್‌ವೇರ್‌ಗಳಿಗೆ ‘ಇವರು ಹೊಸಬರು, ಅಕೌಂಟ್ ಮಾಡು’, ‘ಇವರ ವಿಭಾಗ ಬದಲಾಯಿತು’, ‘ಇವರು ಹೋದರು, ಮುಚ್ಚು’ ಅಂತ ತಾನಾಗಿಯೇ ಸುದ್ದಿ ಹೋಗುತ್ತದೆ. ಈಗ ಎಲ್ಲರೂ ಬಳಸುವ ಎರಡನೇ ಆವೃತ್ತಿ 2015ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್‌ನ ನಿಯಮ ಬರೆದಿಡುವ ಬಹಿರಂಗ ದಾಖಲೆ) 7643 ಮತ್ತು 7644 ಅನ್ನುವ ಹೆಸರಲ್ಲಿ ಪ್ರಕಟವಾಯಿತು. ಯಾರು ಬೇಕಾದರೂ ಓದಬಹುದು, ಬಳಸಬಹುದು, ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲ. ಒಳಗೆ ಹೋಗುವ ಸಂದೇಶ ನೋಡಿದರೆ ನಗು ಬರುತ್ತದೆ. ಒಬ್ಬರ ಅಕೌಂಟ್ ಮುಚ್ಚಲು ಅವರ ಗುರುತಿನ ಸಂಖ್ಯೆ ಬರೆದು, ‘ಆ್ಯಕ್ಟಿವ್’ ಅನ್ನುವ ಕಡೆ ‘ಫಾಲ್ಸ್’ ಅಂತ ಹಾಕಿ ಕಳಿಸುವುದು. ನಾಲ್ಕೈದು ಸಾಲು, ಮುಗಿಯಿತು.

ಆ ನಾಲ್ಕೈದು ಸಾಲಿಗೆ ನಿಮ್ಮಿಂದ ಕೇಳುತ್ತಿರುವುದು ಎಷ್ಟು? ತಲೆಗೆ 650 ಹೆಚ್ಚು, 120 ಜನ, 12 ತಿಂಗಳು. ವರ್ಷಕ್ಕೆ 9,36,000 ರೂಪಾಯಿ. ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿ, 11 ಲಕ್ಷ ದಾಟಿತು. ಆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆಯೋ ಇಲ್ಲವೋ ಅನ್ನುವುದು ನೀವು ಸಾಗಾಣಿಕೆಗೆ ಯಾವ ದರದಲ್ಲಿ ಜಿಎಸ್‌ಟಿ ಕಟ್ಟುತ್ತೀರಿ ಅನ್ನುವುದರ ಮೇಲೆ ನಿಂತಿದೆ, ನಿಮ್ಮ ಸಿಎ ಹತ್ತಿರ ಕೇಳಿ. ಮತ್ತೆ ಇದು ನಾಲ್ಕರಲ್ಲಿ ಒಂದೇ ಸಾಫ್ಟ್‌ವೇರ್‌ನ ಲೆಕ್ಕ ಅನ್ನುವುದು ನೆನಪಿರಲಿ.

ಈಗ ನಿಮ್ಮ ಕೈಕೆಲಸದ ಲೆಕ್ಕ. ಸೇರುವವರಿಗೆ ನಾಲ್ಕೂ ಕಡೆ ಅಕೌಂಟ್ ಮಾಡಲು 40 ನಿಮಿಷ, ಬಿಡುವವರದು ಮುಚ್ಚಲು 20 ನಿಮಿಷ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 2,300 ನಿಮಿಷ, ಅಂದರೆ 38 ಗಂಟೆ ಚಿಲ್ಲರೆ. ಪಾಸ್‌ವರ್ಡ್ ಮರೆತವರು, ವಿಭಾಗ ಬದಲಾದವರು ಎಲ್ಲ ಸೇರಿಸಿ 50 ಗಂಟೆ ಅನ್ನಿ. ನಿಮ್ಮ ಸಂಬಳ 30,000 ಅಂತಾದರೆ (ಜಾಸ್ತಿ ಇದ್ದರೆ ಸಂತೋಷ) ಗಂಟೆಗೆ 144 ರೂಪಾಯಿ. ಒಟ್ಟು 7,200. ಒಂದು ಕಡೆ 7,200, ಇನ್ನೊಂದು ಕಡೆ 11 ಲಕ್ಷ. ಇಷ್ಟು ನೋಡಿದ ಮೇಲೆ ಯಾವ ಮಾಲೀಕರೂ ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಆದರೆ ಲೆಕ್ಕ ಇಲ್ಲಿಗೆ ನಿಲ್ಲಿಸಿದರೆ ನೀವು ಮೋಸ ಹೋಗುತ್ತೀರಿ. ಸೇರುವವರ ಅಕೌಂಟ್ ಯಾರೂ ಮರೆಯುವುದಿಲ್ಲ, ಲಾಗಿನ್ ಬರದಿದ್ದರೆ ಅವರೇ ನಿಮ್ಮ ತಲೆ ಮೇಲೆ ಬಂದು ನಿಲ್ಲುತ್ತಾರೆ. ಬಿಟ್ಟು ಹೋದವರು ಯಾಕೆ ಬರುತ್ತಾರೆ ಹೇಳಿ? 35 ಜನರ ಅಕೌಂಟ್ ಸರಾಸರಿ ಮೂರು ತಿಂಗಳು ತಡವಾಗಿ ಮುಚ್ಚಿದರೆ, 600ರ ಲೆಕ್ಕದಲ್ಲಿ ಒಂದೇ ಸಾಫ್ಟ್‌ವೇರ್‌ಗೆ 63,000 ರೂಪಾಯಿ ಸುಮ್ನೆ ಹೋಯಿತು. ನಿಮ್ಮ 50 ಗಂಟೆಯ ಕೂಲಿಗಿಂತ ಎಂಟು ಪಟ್ಟು ಜಾಸ್ತಿ. ನಿಮ್ಮ ದುಡ್ಡು ಸೋರುತ್ತಿರುವುದು ಈ ಹಿತ್ತಲ ಬಾಗಿಲಲ್ಲಿ.

ದುಡ್ಡಿನದು ಬಿಡಿ. ನಾನು ಹಿಂದೆ ಒಂದು ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ, ಮಿರ್ಚಿ ತಿನ್ನುತ್ತಾ ನಿಂತಿದ್ದೆ, ವರ್ಷದ ಹಿಂದೆ ಕೆಲಸ ಬಿಟ್ಟು ಹೈದರಾಬಾದಿಗೆ ಹೋದ ಗೆಳೆಯ ಎದುರು ಸಿಕ್ಕ. ಕುಶಲ ಕೇಳಿದ ಮೇಲೆ ‘ಏನಪಾ, ಈ ಸಲ ನಿಮಗೆ ಇಂಕ್ರಿಮೆಂಟ್ ಇಲ್ವಂತೆ’ ಅಂದ. ನಮಗೇ ಆ ಸುದ್ದಿ ಬಂದು ಎರಡು ದಿನ ಆಗಿತ್ತು. ನಿನಗ್ಯಾರು ಹೇಳಿದರು ಅಂದರೆ, ಎಣ್ಣೆ ಕೈಯನ್ನು ಪೇಪರಿಗೆ ಒರೆಸಿಕೊಂಡು ಫೋನ್ ತೆಗೆದು ತೋರಿಸಿದ. ನಮ್ಮ ಆಫೀಸಿನ ಚಾಟ್ ಅವನ ಫೋನಿನಲ್ಲಿ ಹಾಗೇ ಓಡುತ್ತಿದೆ! ಮೇಲ್ ನಾನೇ ಮುಚ್ಚಿದ್ದೆ, ಚಾಟ್ ಮರೆತಿದ್ದೆ. ಅವನು ಒಳ್ಳೆಯವನು, ನಕ್ಕು ಬಿಟ್ಟ. ನಿಮ್ಮ ಗಿರಾಕಿಗಳ ಬಾಡಿಗೆ ದರದ ಪಟ್ಟಿ ಪಕ್ಕದ ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ಸೇರಿದ ಹುಡುಗನ ಫೋನಿನಲ್ಲಿ ಇದ್ದರೆ ನಗು ಬರುತ್ತದಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬೇರೆ ಇದೆ. ಜನರ ವಿವರ ಕಾಯುವುದಕ್ಕೆ ಸರಿಯಾದ ಎಚ್ಚರಿಕೆ ತೆಗೆದುಕೊಳ್ಳದಿದ್ದರೆ ದಂಡ 250 ಕೋಟಿವರೆಗೆ ಹೋಗಬಹುದು ಅಂತ ಅದರಲ್ಲಿದೆ. ನಿಮ್ಮಂಥವರಿಗೆ ಅಷ್ಟು ಹಾಕುತ್ತಾರೆ ಅಂತ ಹೆದರಿಸುತ್ತಿಲ್ಲ, ಆದರೆ ಕಾಯ್ದೆಯಲ್ಲಿ ಅಷ್ಟು ದೊಡ್ಡ ಅಂಕಿ ಸುಮ್ನೆ ಬರೆದಿರುವುದಿಲ್ಲ ಅಲ್ವಾ.

ಹಾಗಾದರೆ ಇದು ಇಷ್ಟು ದುಬಾರಿ ಯಾಕೆ? ಮಾರುವವರಿಗೂ ಸ್ವಲ್ಪ ಖರ್ಚು ಇದೆ, ಸುಳ್ಳಲ್ಲ. ಎಂಟ್ರಾ ಒಂದು ರೀತಿ ಮಾತಾಡುತ್ತದೆ, ಅದರಂಥದ್ದೇ ಆದ ಓಕ್ಟಾ ಇನ್ನೊಂದು ರೀತಿ, ಎರಡಕ್ಕೂ ಹೊಂದಿಸಬೇಕು, ಕೆಟ್ಟರೆ ಫೋನ್ ಎತ್ತಬೇಕು. ಆದರೆ ನನ್ನ ಪ್ರಕಾರ ಅದು ಬೆಲೆಯ ಸಣ್ಣ ಪಾಲು. ದೊಡ್ಡ ಪಾಲು ಏನೆಂದರೆ, ಸ್ಕಿಮ್ ಕೇಳುವವರು ದೊಡ್ಡ ಕಂಪನಿಯವರು, ಅವರು ಕೊಡುತ್ತಾರೆ, ಅದಕ್ಕೇ ಕೇಳುತ್ತಾರೆ. ಬೀಗ ಒಂದೇ ಕೊಡಿ ಅಂದರೆ ಕೊಡುವುದಿಲ್ಲ, ಮೇಲಿನ ಮಹಡಿ ಬಾಡಿಗೆಗೆ ತಗೊಂಡರೆ ಬೀಗ ಉಚಿತ ಅನ್ನುತ್ತಾರೆ. ಹೆಸರಾಂತ ಆಫೀಸ್ ಸಾಫ್ಟ್‌ವೇರ್‌ಗಳನ್ನೇ ನೋಡಿ: ನೋಶನ್‌ನಲ್ಲಿ ಸ್ಕಿಮ್ ಸಿಗುವುದು ಎಂಟರ್‌ಪ್ರೈಸ್ ಪ್ಲಾನ್‌ನಲ್ಲಿ, ಸ್ಲ್ಯಾಕ್‌ನಲ್ಲಿ ಬಿಸಿನೆಸ್ ಪ್ಲಸ್‌ನಿಂದ ಮೇಲೆ. ಅಟ್ಲಾಸಿಯನ್ ಇದನ್ನು ಬೇರೆಯೇ ಒಂದು ಸರಕಾಗಿ ಮಾರುತ್ತದೆ, ಮೊದಲು ಅದರ ಹೆಸರು ಆ್ಯಕ್ಸೆಸ್, 2024ರಿಂದ ಗಾರ್ಡ್. ಗಿಟ್‌ಹಬ್‌ನ ಟೀಮ್ ಪ್ಲಾನ್ ತಲೆಗೆ ತಿಂಗಳಿಗೆ 4 ಡಾಲರ್ ಇದ್ದಾಗ, ಸ್ಕಿಮ್ ಇರುವ ಎಂಟರ್‌ಪ್ರೈಸ್ 21 ಡಾಲರ್. ಐದು ಪಟ್ಟು. ಈ ಕಸುಬಿನವರು ಇದಕ್ಕೆ ‘ಎಸ್‌ಎಸ್‌ಓ ತೆರಿಗೆ’ ಅಂತ ಅಡ್ಡಹೆಸರು ಇಟ್ಟಿದ್ದಾರೆ (ಎಸ್‌ಎಸ್‌ಓ ಅಂದರೆ ಒಂದೇ ಲಾಗಿನ್‌ನಿಂದ ಎಲ್ಲಾ ಸಾಫ್ಟ್‌ವೇರ್‌ಗೂ ಒಳಗೆ ಹೋಗುವ ವ್ಯವಸ್ಥೆ). ಭದ್ರತೆಯ ಸಾಮಾನನ್ನು ಶೋಕಿಯ ಸಾಮಾನಿನ ಬೆಲೆಗೆ ಮಾರುವುದು ನನಗಂತೂ ಸರಿ ಅನ್ನಿಸುವುದಿಲ್ಲ. ಕಾರಿಗೆ ಬ್ರೇಕ್ ಬೇಕಾದರೆ ಟಾಪ್ ಮಾಡೆಲ್ ತಗೊಳ್ಳಿ ಅಂದ ಹಾಗೆ.

ನೀವು ಮಾಡಬೇಕಾದದ್ದು ಇಷ್ಟು. ಸದ್ಯಕ್ಕೆ ಪ್ಲಾನ್ ಏರಿಸಬೇಡಿ. ಸೇರುವವರನ್ನು ಕೈಯಿಂದಲೇ ಮಾಡಿ, ಬಿಡುವವರ ಕಡೆ ಬಿಗಿ ಮಾಡಿ. ಸಂಬಳದ ಪಟ್ಟಿ ಮಾಡುವವರ ಹತ್ತಿರ ಕೂತು, ಕೊನೆಯ ಸಂಬಳದ ಚುಕ್ತಾ ಕಾಗದದಲ್ಲಿ ‘ನಾಲ್ಕೂ ಅಕೌಂಟ್ ಮುಚ್ಚಿದೆ’ ಅಂತ ನಿಮ್ಮ ಸಹಿ ಇಲ್ಲದೆ ದುಡ್ಡು ಹೋಗಬಾರದು ಅಂತ ಮಾಲೀಕರಿಂದ ಹೇಳಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ತಿಂಗಳ ಮೊದಲ ದಿನ ನಾಲ್ಕೂ ಸಾಫ್ಟ್‌ವೇರ್‌ನಿಂದ ಹೆಸರಿನ ಪಟ್ಟಿ ಇಳಿಸಿ ಸಂಬಳದ ಪಟ್ಟಿಗೆ ತಾಳೆ ನೋಡಿ. ಅರ್ಧ ಗಂಟೆ ಕೆಲಸ. ಮೊದಲ ಸಲ ನೋಡಿದಾಗ ಎಷ್ಟು ಹೆಸರು ಜಾಸ್ತಿ ಬಂದವು ಅಂತ ನನಗೆ ಬರೆದು ತಿಳಿಸಿ, ಹೆಸರಿಲ್ಲದೆ ಹಾಕುತ್ತೇನೆ.

ಇನ್ನೊಂದು. ಮುಚ್ಚುವುದರಲ್ಲೂ ಸೂಕ್ಷ್ಮ ಇದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಬ್ಬರನ್ನು ಸಸ್ಪೆಂಡ್ ಮಾಡಿದರೆ ಲಾಗಿನ್ ನಿಲ್ಲುತ್ತದೆ, ಬಿಲ್ ನಿಲ್ಲುವುದಿಲ್ಲ! ಆ ಸೀಟಿನ (ಒಬ್ಬರ ತಲೆ ಲೆಕ್ಕದ ಜಾಗದ) ದುಡ್ಡು ಹೋಗುತ್ತಲೇ ಇರುತ್ತದೆ. ಡಿಲೀಟ್ ಮಾಡಿದರೆ ಸೀಟು ಖಾಲಿ ಆಗುತ್ತದೆ, ಆದರೆ ಅವರ ಡ್ರೈವ್ ಫೈಲ್‌ಗಳನ್ನು ಮೊದಲೇ ಬೇರೆಯವರಿಗೆ ವರ್ಗ ಮಾಡಿರಬೇಕು. ತಪ್ಪಿ ಡಿಲೀಟ್ ಆದರೆ ವಾಪಸ್ ತರಲು 20 ದಿನ ಟೈಮ್, ಆಮೇಲೆ ದೇವರೇ ಗತಿ. ಸ್ಲ್ಯಾಕ್‌ನಲ್ಲಿ ಹಾಗಲ್ಲ, ಡೀಆ್ಯಕ್ಟಿವೇಟ್ ಮಾಡಿದವರಿಗೆ ದುಡ್ಡು ಹಿಡಿಯುವುದಿಲ್ಲ. ನಿಮ್ಮ ಗ್ರಾಹಕರ ಸಾಫ್ಟ್‌ವೇರ್‌ನವರು ಹೇಗೆ ಮಾಡುತ್ತಾರೆ ಅಂತ ಮೇಲ್‌ನಲ್ಲೇ ಬರೆಸಿಕೊಳ್ಳಿ. ಎಷ್ಟೋ ಜನ ಸ್ಕಿಮ್ ಹಾಕಿಸಿದ ಮೇಲೂ ಅಕೌಂಟ್ ಮುಚ್ಚುತ್ತದೆ, ಸೀಟು ಮಾತ್ರ ಕೈಯಿಂದ ಬಿಡಿಸಬೇಕು ಅಂತ ತಡವಾಗಿ ಕಂಡುಕೊಳ್ಳುತ್ತಾರೆ.

ಯಾವಾಗ ದುಡ್ಡು ಕೊಡಬಹುದು? ಜನ ತಿಂಗಳು ತಿಂಗಳು ಬದಲಾಗುವ ಕಾಲ್ ಸೆಂಟರ್ ಥರದ ಕೆಲಸ ಆದರೆ, ಅಥವಾ ಮಾಹಿತಿ ಭದ್ರತೆಯ ಐಎಸ್‌ಓ 27001 ಸರ್ಟಿಫಿಕೇಟ್ ಇಲ್ಲದಿದ್ದರೆ ಗುತ್ತಿಗೆ ಇಲ್ಲ ಅನ್ನುವ ಗಿರಾಕಿ ಸಿಕ್ಕರೆ. ಆಡಿಟ್‌ನವರು ಬಂದು ಬಿಟ್ಟವರ ಪಟ್ಟಿ ಹಿಡಿದು ‘ಇವರು ಯಾವತ್ತು ಹೋದರು, ಅಕೌಂಟ್ ಯಾವತ್ತು ಮುಚ್ಚಿತು’ ಅಂತ ಒಂದೊಂದೇ ತಾಳೆ ನೋಡುತ್ತಾರೆ. ಆಗಲೂ ನಾಲ್ಕಕ್ಕೂ ಬೇಡ, ಯಾವುದು ಹೊರಗೆ ಹೋದರೆ ಧಂದೆಗೇ ಪೆಟ್ಟೋ ಅದೊಂದಕ್ಕೆ ಕೊಡಿ. ಮತ್ತು ಅದನ್ನು ಒಪ್ಪಂದ ನವೀಕರಿಸುವ ಹೊತ್ತಿಗೆ ಕೇಳಿ, ನಡುವೆ ಕೇಳಿದರೆ ಯಾರೂ ದರ ಇಳಿಸುವುದಿಲ್ಲ. ‘ಪ್ಲಾನ್ ಬೇಡ, ಸ್ಕಿಮ್ ಒಂದೇ ಬೇಕು, ವರ್ಷದ ದುಡ್ಡು ಒಟ್ಟಿಗೆ ಕೊಡುತ್ತೇವೆ’ ಅಂತ ಗಂಜ್‌ನಲ್ಲಿ ತೊಗರಿ ಚೌಕಾಶಿ ಮಾಡಿದ ಹಾಗೆ ಕೇಳಿ ನೋಡಿ. ಪಟ್ಟಿಯಲ್ಲಿರುವ ದರ ಕೊನೆಯ ದರ ಅಂತ ಯಾರು ಹೇಳಿದ್ದು?

ಪ್ರಶ್ನೆ: ನಮ್ಮ ಕೋಚಿಂಗ್ ಸಂಸ್ಥೆಯಲ್ಲಿ 60 ಜನ ಸಿಬ್ಬಂದಿ. ಎಲ್ಲಾ ಸಾಫ್ಟ್‌ವೇರ್‌ನಲ್ಲೂ ‘ಗೂಗಲ್ ಮೂಲಕ ಸೈನ್ ಇನ್’ ಬಟನ್ ಇದೆ, ಅದು ಫ್ರೀ. ಗೂಗಲ್ ಅಕೌಂಟ್ ಮುಚ್ಚಿದರೆ ಎಲ್ಲಾ ಮುಚ್ಚಿದ ಹಾಗೇ ಅಲ್ವಾ? ಮತ್ತೆ ಈ ಸ್ಕಿಮ್ ಯಾಕೆ ಬೇಕು ಮೇಡಂ ಅಥವಾ ಸರ್? — ಬೀದರ್‌ನ ಓದುಗರು

ಉತ್ತರ: ಸರ್ ಅನ್ನಿ, ಪರವಾಗಿಲ್ಲ. ನೀವು ಹೇಳಿದ್ದು ಮುಕ್ಕಾಲು ಪಾಲು ಸರಿ. 60 ಜನಕ್ಕೆ ಅದೇ ದಾರಿ ಹಿಡಿಯಿರಿ. ಉಳಿದ ಕಾಲು ಪಾಲು ಏನು ಅಂತ ಗೊತ್ತಿರಲಿ.

ಆ ಬಟನ್ ಬಾಗಿಲಲ್ಲಿ ಗುರುತು ಕೇಳುವ ವಾಚ್‌ಮನ್ ಇದ್ದ ಹಾಗೆ. ಹೊರಗಿಂದ ಬರುವವರನ್ನು ತಡೆಯುತ್ತಾನೆ, ಒಳಗೆ ಆಗಲೇ ಕೂತವರನ್ನು ಎಬ್ಬಿಸುವುದಿಲ್ಲ. ಗೂಗಲ್ ಅಕೌಂಟ್ ಮುಚ್ಚಿದರೂ ಫೋನಿನಲ್ಲಿ ಮೊದಲೇ ಲಾಗಿನ್ ಆಗಿರುವ ಆ್ಯಪ್ ಆ ಸೆಷನ್ ಮುಗಿಯುವವರೆಗೆ ನಡೆಯಬಹುದು, ಕೆಲವು ಆ್ಯಪ್‌ಗಳಲ್ಲಿ ಅದು ವಾರಗಟ್ಟಲೆ. ಯಾರಾದರೂ ಆ ಸಾಫ್ಟ್‌ವೇರ್‌ನಲ್ಲೇ ಬೇರೆ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಹಿತ್ತಲ ಬಾಗಿಲು ತೆರೆದೇ ಇದೆ. ಸೆಟ್ಟಿಂಗ್‌ನಲ್ಲಿ ‘ಗೂಗಲ್ ಮೂಲಕ ಮಾತ್ರ’ ಅಂತ ಇದ್ದರೆ ಅದನ್ನು ಆನ್ ಮಾಡಿ. ಮತ್ತೆ ಅಕೌಂಟ್ ಅಲ್ಲೇ ಉಳಿದಿರುವುದರಿಂದ ಬಿಲ್‌ನಲ್ಲಿ ಅವರ ತಲೆ ಎಣಿಸುತ್ತಲೇ ಇರುತ್ತಾರೆ.

ಇನ್ನು ‘ಮೊದಲ ಸಲ ಲಾಗಿನ್ ಆದಾಗ ಅಕೌಂಟ್ ತಾನೇ ಆಗುತ್ತೆ, ಇದೇ ಆಟೊಮೇಶನ್’ ಅಂತ ಮಾರುವವರು ಹೇಳುತ್ತಾರೆ. ಅದಕ್ಕೆ ಜಸ್ಟ್-ಇನ್-ಟೈಮ್ ಅಂತ ಹೆಸರು. ಅಕೌಂಟ್ ಮಾಡುವುದು ನಿಜ, ಮುಚ್ಚುವುದು ಅದರ ಕೈಲಿ ಇಲ್ಲ, ಯಾಕೆಂದರೆ ಬಿಟ್ಟವರು ಮತ್ತೆ ಲಾಗಿನ್ ಆಗಲು ಬರುವುದೇ ಇಲ್ಲ, ಅದಕ್ಕೆ ಸುದ್ದಿ ಸಿಗುವುದು ಹೇಗೆ?

ಪ್ರಶ್ನೆ: ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಐಟಿ ನೋಡಿಕೊಳ್ತೀನಿ. ಸ್ವಲ್ಪ ಕೋಡಿಂಗ್ ಬರುತ್ತೆ. ಎಚ್‌ಆರ್‌ನವರು ಗೂಗಲ್ ಶೀಟ್‌ನಲ್ಲಿ ಪಟ್ಟಿ ಇಡ್ತಾರೆ. ಅದನ್ನ ಓದಿ ಅಕೌಂಟ್ ಮಾಡೋ, ಮುಚ್ಚೋ ಸ್ಕ್ರಿಪ್ಟ್ ನಾನೇ ಬರೆದರೆ ಫ್ರೀ ಆಗುತ್ತಲ್ಲ? — ಯಾದಗಿರಿ

ಉತ್ತರ: ಬರೆಯಿರಿ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ವರ್ಕ್‌ಸ್ಪೇಸ್‌ನ ಡೈರೆಕ್ಟರಿ ಎಪಿಐ (ಸ್ಕ್ರಿಪ್ಟ್‌ನಿಂದ ಆ ಸಾಫ್ಟ್‌ವೇರ್‌ಗೆ ಕೆಲಸ ಹೇಳುವ ಬಾಗಿಲು) ಕರೆಯಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಕಮಾಂಡ್ ಹೊಡೆಯುವ ಅಭ್ಯಾಸ ಇದ್ದರೆ ಗ್ಯಾಮ್ ಅನ್ನುವ ಉಚಿತ ಸಾಧನ ಇದೆ, ಅದು ಇನ್ನೂ ಸಲೀಸು. ಬೇರೆ ಸಾಫ್ಟ್‌ವೇರ್‌ಗಳಲ್ಲೂ ಸ್ಕಿಮ್ ಇಲ್ಲದಿದ್ದರೂ ಸಾದಾ ಎಪಿಐ ಕಡಿಮೆ ಪ್ಲಾನ್‌ನಲ್ಲೇ ಸಿಗುವುದುಂಟು, ಒಮ್ಮೆ ನೋಡಿ. ‘ಫ್ರೀ’ ಅನ್ನುವ ಮಾತು ಮಾತ್ರ ಒಪ್ಪುವುದಿಲ್ಲ, ಯಾಕೆ ಅಂತ ನನ್ನ ಪಾಡು ಕೇಳಿ.

ನಾನೂ ಇಂಥದ್ದೊಂದು ಬರೆದಿದ್ದೆ. ಶೀಟ್ ಓದುತ್ತದೆ, ಶೀಟಿನಲ್ಲಿ ಇಲ್ಲದವರನ್ನು ಬಿಟ್ಟವರು ಅಂತ ತಿಳಿದು ಸಸ್ಪೆಂಡ್ ಮಾಡುತ್ತದೆ. ಆರು ತಿಂಗಳು ಗಡಿಯಾರದ ಹಾಗೆ ನಡೆಯಿತು. ಒಂದು ಸೋಮವಾರ ಬೆಳಗ್ಗೆ ಎಚ್‌ಆರ್‌ನಲ್ಲಿ ಯಾರೋ ಪಟ್ಟಿ ಚಂದ ಕಾಣಲಿ ಅಂತ ನಡುವೆ ಒಂದು ಖಾಲಿ ಸಾಲು ಬಿಟ್ಟರು. ನನ್ನ ಸ್ಕ್ರಿಪ್ಟ್ ಖಾಲಿ ಸಾಲು ಬಂದರೆ ಪಟ್ಟಿ ಮುಗಿಯಿತು ಅಂತ ನಿಲ್ಲುತ್ತಿತ್ತು. ಆ ಸಾಲಿನ ಕೆಳಗಿದ್ದವರೆಲ್ಲ ಕೆಲಸ ಬಿಟ್ಟವರ ಲೆಕ್ಕಕ್ಕೆ ಹೋದರು. ಹತ್ತೂಕಾಲಿಗೆ ಮೊದಲ ಫೋನ್, ಹತ್ತೂವರೆಗೆ ನನ್ನ ಮೇಜಿನ ಮುಂದೆ ಸಾಲು. ಪಟ್ಟಿ ಅಕ್ಷರದ ಕ್ರಮದಲ್ಲಿತ್ತು, ನಮ್ಮ ಸಾಹೇಬರ ಹೆಸರು ಕೊನೆಯ ಕಡೆ. ಅವರಿಗೂ ಮೇಲ್ ಬಂದ್. ‘ನನ್ನನ್ನ ಕೆಲಸದಿಂದ ತೆಗೆದಿದ್ದೀರೇನ್ರಿ’ ಅಂದರು. ಮೇ ತಿಂಗಳ ಬಿಸಿಲು ಹೊರಗೆ, ನನ್ನ ಬೆವರು ಒಳಗೆ.

ಹಾಗಾಗಿ ಸ್ಕ್ರಿಪ್ಟ್‌ಗೆ ಮೊದಲು ಬ್ರೇಕ್ ಬರೆಯಿರಿ, ಆಮೇಲೆ ಎಂಜಿನ್. ಒಂದೇ ಸಲ ಐದಕ್ಕಿಂತ ಜಾಸ್ತಿ ಅಕೌಂಟ್ ಮುಚ್ಚಲು ಹೊರಟರೆ ನಿಂತು ನಿಮಗೆ ಮೇಲ್ ಹಾಕಲಿ. ಎಂಟ್ರಾದಲ್ಲಿ ಇದೇ ಬ್ರೇಕ್ ರೆಡಿ ಇದೆ, ಇಷ್ಟಕ್ಕಿಂತ ಹೆಚ್ಚು ಡಿಲೀಟ್ ಆಗುವುದಿದ್ದರೆ ತಡೆ ಅಂತ ಮಿತಿ ಹಾಕಬಹುದು. ಮತ್ತೆ ಶೀಟಿನಲ್ಲಿ ಹೆಸರು ಇಲ್ಲ ಅಂದರೆ ಮುಚ್ಚು ಅಂತ ಬರೆಯಬೇಡಿ. ಬಿಟ್ಟ ದಿನಾಂಕ ಅಂತ ಒಂದು ಕಾಲಂ ಇಡಿ, ಅದು ತುಂಬಿದ್ದರೆ ಮಾತ್ರ ಮುಚ್ಚಲಿ.

ಇನ್ನೊಂದು ತಮಾಷೆ ಇದೆ, ಆದರೆ ತಮಾಷೆ ಅಲ್ಲ. ಆ್ಯಪ್ಸ್ ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸುವ ಟ್ರಿಗರ್ ಅದನ್ನು ಹಾಕಿದವರ ಅಕೌಂಟ್‌ನಲ್ಲಿ ಓಡುತ್ತದೆ. ನಾಳೆ ನೀವೇ ಕೆಲಸ ಬಿಟ್ಟಿರಿ ಅನ್ನಿ. ನಿಮ್ಮ ಸ್ಕ್ರಿಪ್ಟ್ ನಿಯತ್ತಾಗಿ ನಿಮ್ಮ ಅಕೌಂಟನ್ನೂ ಮುಚ್ಚುತ್ತದೆ, ಅಲ್ಲಿಗೆ ಅದರ ಉಸಿರೂ ನಿಲ್ಲುತ್ತದೆ. ನಿಮ್ಮ ನಂತರ ಬಿಟ್ಟವರ ಅಕೌಂಟ್ ಯಾವುದೂ ಮುಚ್ಚುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಇದಕ್ಕೆ ಯಾರ ಹೆಸರೂ ಇಲ್ಲದ ಒಂದು ಅಡ್ಮಿನ್ ಅಕೌಂಟ್ ಬೇರೆ ಇಡಿ, ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕಿ, ಅದರ ಸೀಟಿನ ದುಡ್ಡನ್ನು ‘ಫ್ರೀ’ ಸ್ಕ್ರಿಪ್ಟ್‌ನ ಖರ್ಚಿಗೆ ಬರೆದುಕೊಳ್ಳಿ.

ನಿಮ್ಮಲ್ಲಿ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಇದೆಯಾ ಅಂತ ಒಮ್ಮೆ ಬಿಲ್ ತೆಗೆದು ನೋಡಿ. ಇದ್ದರೆ ಸ್ಕಿಮ್ ಸುದ್ದಿ ಕಳಿಸಬಲ್ಲ ಎಂಟ್ರಾ ಪಿ1 ಪ್ಲಾನ್ ಅದರಲ್ಲೇ ಸೇರಿದೆ. ಕಳಿಸುವ ಕಡೆಯ ಖರ್ಚು ಆಗಲೇ ಕಟ್ಟಿದ್ದೀರಿ, ಬಾಕಿ ಇರುವುದು ಪಡೆಯುವ ಸಾಫ್ಟ್‌ವೇರ್‌ನ ಪ್ಲಾನ್ ಮಾತ್ರ. ಅದರಲ್ಲೂ ಸುದ್ದಿ ಹೋಗುವುದು ಸುಮಾರು 40 ನಿಮಿಷಕ್ಕೊಮ್ಮೆ, ಬಟನ್ ಒತ್ತಿದ ಕೂಡಲೇ ಅಲ್ಲ. ಜಗಳ ಆಡಿ ಹೋದವರ ವಿಷಯದಲ್ಲಿ ಆ 40 ನಿಮಿಷ ಕಾಯಬೇಡಿ, ಕೈಯಿಂದಲೇ ಮುಚ್ಚಿ.

ಪ್ರಶ್ನೆ: ನೆಹರು ಗಂಜ್‌ನಲ್ಲಿ ನಮ್ಮದು ದಾಲ್ ಮಿಲ್. ಆಫೀಸಿನಲ್ಲಿ ಎಂಟೇ ಜನ. ಎಂಟು ವರ್ಷದಿಂದ ಲೆಕ್ಕ ಬರೆಯುವವರು ಶನಿವಾರ ಬಿಡುತ್ತಿದ್ದಾರೆ. ಏನೇನು ಮುಚ್ಚಬೇಕು? ಆಟೊಮ್ಯಾಟಿಕ್ ಏನಾದರೂ ಹಾಕಿಸಬೇಕಾ? — ಕಲಬುರಗಿ

ಉತ್ತರ: ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಆ ಶನಿವಾರ ಕಳೆದು ಹೋಗಿರುತ್ತದೆ, ಆದ್ದರಿಂದ ನಿಮಗೆ ಮೊದಲೇ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಎಂಟು ಜನಕ್ಕೆ ಆಟೊಮ್ಯಾಟಿಕ್ ಯಾವುದೂ ಬೇಡ. ಒಂದು ಉದ್ದ ನೋಟ್‌ಬುಕ್ ಸಾಕು. ಯಾರ ಹತ್ತಿರ ಯಾವ ಲಾಗಿನ್, ಯಾವ ಮೊಬೈಲ್ ನಂಬರಿಗೆ ಓಟಿಪಿ, ಅಷ್ಟೇ ಬರೆಯಿರಿ. ಪಾಸ್‌ವರ್ಡ್ ಬರೆಯಬೇಡಿ ಮತ್ತೆ!

ನಿಮ್ಮಂಥ ಕಡೆ ಅಪಾಯ ಇರುವುದು ಓಟಿಪಿಯಲ್ಲಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ಮಾಡುವಾಗ ‘ನಿಮ್ಮ ನಂಬರ್ರೇ ಹಾಕ್ರಿ’ ಅಂತ ಗುಮಾಸ್ತರ ನಂಬರ್ ಕೊಟ್ಟಿರುತ್ತೀರಿ. ಅವರು ಊರು ಬಿಟ್ಟ ಮೇಲೆ ರಿಟರ್ನ್ ಹಾಕುವ ಕೊನೆಯ ದಿನ ಅವರ ಫೋನ್ ಸ್ವಿಚ್ ಆಫ್. ಮೊಬೈಲ್, ಇಮೇಲ್ ಬದಲಿಸುವುದು ನಾನ್-ಕೋರ್ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ, ಅವರು ಇರುವಾಗಲೇ ಎದುರಿಗೆ ಕೂತು ಮುಗಿಸಿ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಅವರಿಗೆ ಸಬ್-ಯೂಸರ್ ಕೊಟ್ಟಿದ್ದರೆ ಮುಖ್ಯ ಲಾಗಿನ್‌ನಿಂದ ಫ್ರೀಜ್ ಮಾಡಿ. ಕೊಟ್ಟಿರಲಿಲ್ಲ, ಮುಖ್ಯ ಪಾಸ್‌ವರ್ಡೇ ಕೊಟ್ಟಿದ್ದೆವು ಅಂತೀರಾ? ಗೊತ್ತು, ಎಲ್ಲರೂ ಅದನ್ನೇ ಮಾಡುತ್ತಾರೆ. ಅದನ್ನು ಬದಲಿಸಿ, ಹೊಸಬರಿಗಾದರೂ ಸಬ್-ಯೂಸರ್ ಮಾಡಿಕೊಡಿ, ಅದಕ್ಕೆ ದುಡ್ಡಿಲ್ಲ.

ಟ್ಯಾಲಿಯಲ್ಲಿ ಯೂಸರ್‌ಗಳು ಒಂದೊಂದು ಕಂಪನಿಯ ಡೇಟಾಕ್ಕೂ ಬೇರೆ ಬೇರೆ. ಮಿಲ್ಲಿನದು, ಟ್ರೇಡಿಂಗ್‌ನದು, ಮನೆಯವರ ಹೆಸರಿನದು ಅಂತ ಮೂರು ಕಂಪನಿ ಇದ್ದರೆ ಮೂರರಲ್ಲೂ ತೆಗೆಯಬೇಕು. ಮನೆಯಿಂದ ಕೆಲಸ ಮಾಡಲಿ ಅಂತ ರಿಮೋಟ್ ಕೊಟ್ಟಿದ್ದರೆ ಅದನ್ನೂ. ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ಅವರ ಹೆಸರಿದ್ದರೆ ಬ್ಯಾಂಕಿಗೆ ಪತ್ರ ಬೇಕು, ಅದನ್ನು ಶುಕ್ರವಾರವೇ ಕೊಡಿ, ಶನಿವಾರ ಬ್ಯಾಂಕ್ ರಜೆ ಇರಬಹುದು.

ಇಷ್ಟೆಲ್ಲಾ ಅವರನ್ನು ಕಳ್ಳರ ಹಾಗೆ ನೋಡಿ ಮಾಡಬೇಡಿ, ಎಂಟು ವರ್ಷ ದುಡಿದವರು. ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಅವರಿಂದಲೇ ಕೇಳಿ ಒಂದೊಂದೇ ಬರೆದುಕೊಳ್ಳಿ. ಹೇಗೂ ಮುಂದಿನ ವಾರ ಯಾವುದೋ ಹಳೇ ಬಿಲ್ ಸಿಗದೆ ನೀವೇ ಅವರಿಗೆ ಫೋನ್ ಮಾಡುತ್ತೀರಿ.